ದೋಣಿಯ ಅಂಚುಪಟ್ಟಿಯಲ್ಲಿ ಸ್ಕ್ರೂ ಹಿಡಿಯುತ್ತಿಲ್ಲವೇ? ತೂತು ತುಂಬುವ ಮೊದಲು ನೋಡಬೇಕಾದದ್ದು

ಸ್ಕ್ರೂ ಸುಮ್ಮನೆ ತಿರುಗುತ್ತದೆ, ಬಿಗಿಯುವುದಿಲ್ಲ. ಕೈಗೆ ಯಾವ ತಡೆಯೂ ಸಿಗುವುದಿಲ್ಲ. ಅಂಚುಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸಂದಿನಿಂದ ಒಂದೆರಡು ಹನಿ ನೀರು ಜಿನುಗುತ್ತದೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ, ಯಾವ ದಕ್ಕೆಯಲ್ಲಿ ನಿಂತು ನೋಡಿದರೂ ಇಂತಹ ದೋಣಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮಾಡುವ ಮದ್ದೂ ಎಲ್ಲ ಕಡೆ ಒಂದೇ: ಬೆಂಕಿಕಡ್ಡಿ ಮುರಿದು ತೂತಿಗೆ ತುರುಕುವುದು, ಅದೇ ಸ್ಕ್ರೂವನ್ನು ಮತ್ತೆ ಹಾಕಿ ಹೊರಡುವುದು.

ಮನೆಯ ಬಾಗಿಲ ತಿರುಗಣೆಗೆ ಈ ಉಪಾಯ ವರ್ಷಗಟ್ಟಲೆ ನಡೆಯುತ್ತದೆ. ದೋಣಿಯಲ್ಲಿ ನಡೆಯುವುದಿಲ್ಲ. ಬಾಗಿಲಿನ ತೂತು ಸವೆಯುವುದು ಬಳಕೆಯಿಂದ. ದೋಣಿಯ ತೂತು ಹಾಳಾಗುವುದು ಹೆಚ್ಚಿನ ಸಲ ನೀರಿನಿಂದ, ಇಲ್ಲವೇ ಲೋಹದ ಕಾಯಿಲೆಯಿಂದ, ಇಲ್ಲವೇ ಅಲ್ಲಿ ಸ್ಕ್ರೂ ಹಾಕಿದ್ದೇ ತಪ್ಪು ಎಂಬ ಕಾರಣದಿಂದ. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ತುಂಬಿದ ತೂತು ಮುಂದಿನ ಮಳೆಗಾಲಕ್ಕೆ ಇನ್ನಷ್ಟು ದೊಡ್ಡದಾಗಿ ಎದುರು ನಿಲ್ಲುತ್ತದೆ.

ಇಲ್ಲಿ ಹೇಳುತ್ತಿರುವುದು ನೀರಿನ ಮಟ್ಟಕ್ಕಿಂತ ಮೇಲಿರುವ ಮರಗೆಲಸದ ಬಗ್ಗೆ: ದೋಣಿಯ ಬಾಯಿಯ ಸುತ್ತ ಕೂರುವ ಅಂಚುಪಟ್ಟಿ, ದಕ್ಕೆಗೆ ಉಜ್ಜುವ ಹೊರಪಟ್ಟಿ, ಚುಕ್ಕಾಣಿ ಕೋಣೆಯ ಬಾಗಿಲ ಚೌಕಟ್ಟು, ಮುಚ್ಚಳಗಳ ಅಂಚು. ಒಡಲಿನ ಹಲಗೆ ಸಡಿಲವಾಗಿದ್ದರೆ ಅದು ಬೇರೆಯದೇ ವಿಷಯ. ಅದಕ್ಕೆ ದೋಣಿ ಕಟ್ಟುವ ಆಚಾರಿಯನ್ನೇ ಕರೆಯಿರಿ. ಹಿಂದೆ ನಮ್ಮ ಕರಾವಳಿಯಲ್ಲಿ ಕತ್ತದ ಹುರಿಯಿಂದ ಹಲಗೆ ಹೊಲಿದು ದೋಣಿ ಕಟ್ಟುತ್ತಿದ್ದಾಗ ಸ್ಕ್ರೂವಿನ ತಾಪತ್ರಯವೇ ಇರಲಿಲ್ಲ. ಹಾಗೆಂದು ಅದನ್ನು ಹೊಗಳಬೇಕಾಗಿಲ್ಲ. ಹುರಿ ಕೊಳೆತಾಗ ಬಿಚ್ಚಿ ಮತ್ತೆ ಹೊಲಿಯಬೇಕಿತ್ತು.

ಹೊರತೆಗೆದ ಸ್ಕ್ರೂವನ್ನು ಒರೆಸಬೇಡಿ

ಸಡಿಲವಾದ ಸ್ಕ್ರೂವನ್ನು ತೆಗೆದ ಕೂಡಲೇ ಬಟ್ಟೆಯಿಂದ ಒರೆಸುವುದು ಎಲ್ಲರಿಗೂ ಅಭ್ಯಾಸ. ಒರೆಸಿದರೆ ಸಾಕ್ಷಿ ಹೋಯಿತು. ತೂತಿನ ಒಳಗೆ ಏನಾಗಿದೆ ಎಂಬುದು ಸ್ಕ್ರೂವಿನ ಎಳೆಗಳ ನಡುವೆ ಅಂಟಿಕೊಂಡಿರುತ್ತದೆ. ಬಿಳಿ ಕಾಗದದ ಮೇಲೆ ಇಟ್ಟು ಬಿಸಿಲಲ್ಲಿ ನೋಡಿ.

ಎಳೆಗಳ ನಡುವೆ ಒಣಗಿದ, ತಿಳಿಬಣ್ಣದ ಮರದ ನಾರು ತುಂಬಿಕೊಂಡಿದ್ದರೆ ನೀವು ಅದೃಷ್ಟವಂತರು. ಮರ ಗಟ್ಟಿಯಾಗಿಯೇ ಇದೆ, ತೂತಿನೊಳಗೆ ಮೂಡಿದ್ದ ಎಳೆ ಮಾತ್ರ ಕಿತ್ತುಹೋಗಿದೆ. ಕಾರಣ ಬ್ಯಾಟರಿ ಡ್ರಿಲ್ಲಿನಿಂದ ಅತಿಯಾಗಿ ಬಿಗಿದದ್ದಿರಬಹುದು, ಮೊದಲು ಕೊರೆದ ತೂತು ದೊಡ್ಡದಾದದ್ದಿರಬಹುದು, ಸ್ಕ್ರೂ ಗಿಡ್ಡವಾದದ್ದೂ ಇರಬಹುದು. ಸ್ಕ್ರೂ ಉದ್ದದ ಮೂರನೇ ಎರಡು ಪಾಲು ಕೆಳಗಿನ ಮರದಲ್ಲಿ ಇರಬೇಕು ಎಂಬುದು ಹಳೆಯ ಲೆಕ್ಕ. 20 ಮಿ.ಮೀ. ದಪ್ಪದ ಪಟ್ಟಿಯನ್ನು 30 ಮಿ.ಮೀ. ಸ್ಕ್ರೂ ಹಾಕಿ ಕೂರಿಸಿದವರು ಆ ಲೆಕ್ಕವನ್ನು ತಲೆಕೆಳಗು ಮಾಡಿರುತ್ತಾರೆ.

ನಾರು ಕಪ್ಪು-ನೀಲಿಯಾಗಿದ್ದು, ತೂತಿನ ಸುತ್ತಲೂ ಶಾಯಿ ಚೆಲ್ಲಿದಂತಹ ಕಲೆ ಇದ್ದರೆ ಅದು ಕಬ್ಬಿಣದ ಕೆಲಸ. ಒದ್ದೆ ಮರದಲ್ಲಿ ಕಬ್ಬಿಣ ತುಕ್ಕು ಹಿಡಿಯುವಾಗ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಈ ಬಣ್ಣ ಹುಟ್ಟುತ್ತದೆ. ಮತ್ತಿಯಂತಹ ಟ್ಯಾನಿನ್ ಹೆಚ್ಚಿರುವ ಮರದಲ್ಲಿ ಕಲೆ ಇನ್ನೂ ಗಾಢ. ಕಲೆ ಮಾತ್ರವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ತುಕ್ಕು ಹಿಡಿಯುವ ಲೋಹದ ಸುತ್ತ ಹುಟ್ಟುವ ಆಮ್ಲ ಮತ್ತು ಕ್ಷಾರ ಮರದ ನಾರನ್ನೇ ತಿಂದು ಮೆತ್ತಗೆ ಮಾಡುತ್ತವೆ. ಇಲ್ಲಿ ಕೊಳೆತ ಇಲ್ಲ, ಹುಳು ಇಲ್ಲ. ಆದರೂ ಮರ ಬೆರಳುಗುರಿಗೆ ಪುಡಿಯಾಗುತ್ತದೆ. ಕಪ್ಪು ಕಲೆಯ ಗಡಿ ದಾಟಿ ಕೊರೆದ ಮೇಲಷ್ಟೇ ನಂಬಬಹುದಾದ ಮರ ಸಿಗುವುದು.

ಹಿತ್ತಾಳೆ ಸ್ಕ್ರೂ ಹಳದಿ ಬಿಟ್ಟು ತಾಮ್ರದಂತೆ ಕೆಂಪಗಾಗಿದ್ದರೆ ಅದರೊಳಗಿನ ಸತು ಉಪ್ಪುನೀರಿಗೆ ಕರಗಿಹೋಗಿದೆ ಎಂದರ್ಥ. ನೋಡಲು ಪೂರ್ತಿ ಸ್ಕ್ರೂ, ಒಳಗೆ ಬರೀ ಸ್ಪಂಜು. ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಒಂದು ಸ್ಕ್ರೂ ಹೀಗಾಗಿದ್ದರೆ ಅದೇ ಸಾಲಿನ ಉಳಿದವೂ ಹೀಗೆಯೇ ಇರುತ್ತವೆ. ಬಿಗಿಯಾಗಿ ಕಾಣುವ ಪಕ್ಕದವನ್ನೂ ತೆಗೆದು ನೋಡಿ.

ಸ್ಟೇನ್‌ಲೆಸ್ ಸ್ಟೀಲಿನ ವಿಷಯದಲ್ಲಿ ಜನ ಮೋಸ ಹೋಗುವುದು ಹೆಚ್ಚು. ತಲೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ನಡು ಮಾತ್ರ ಸವೆದು ಸೊರಗಿರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೇಲಿನ ತೆಳುವಾದ ಆಕ್ಸೈಡ್ ಪದರದಿಂದ. ಗಾಳಿ ಇದ್ದರೆ ಆ ಪದರ ತಾನಾಗಿ ಮತ್ತೆ ಮೂಡುತ್ತದೆ. ಒದ್ದೆ ಮರದ ಒಳಗೆ ಉಪ್ಪುನೀರು ನಿಂತು ಗಾಳಿಯಾಡದಿದ್ದರೆ ಮೂಡುವುದಿಲ್ಲ, ಲೋಹ ಒಳಗಿಂದೊಳಗೇ ಸವೆಯುತ್ತದೆ. 304 ದರ್ಜೆಗಿಂತ 316 ದರ್ಜೆ ಇದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದೂ ಅಮರವಲ್ಲ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ಪರೀಕ್ಷಿಸುವ ಪದ್ಧತಿ ಅರ್ಧ ಮಾತ್ರ ಉಪಯೋಗ: ಗಟ್ಟಿಯಾಗಿ ಅಂಟಿಕೊಂಡರೆ ಆ ಸ್ಕ್ರೂ ಬೇಡ ಎಂದು ಹೇಳಬಹುದು, ಅಂಟದಿದ್ದರೆ ಅದು 316 ಎಂದು ಹೇಳಲಾಗದು. ಮರಕ್ಕೆ ಎಲ್ಲಕ್ಕಿಂತ ಒಳ್ಳೆಯದು ಸಿಲಿಕಾನ್ ಕಂಚಿನ ಸ್ಕ್ರೂ. ಸಿಕ್ಕರೆ, ಮತ್ತು ಜೇಬು ಒಪ್ಪಿದರೆ.

ಎಳೆಯಲ್ಲಿ ಕಂದು ಬಣ್ಣದ ಒದ್ದೆ ಪುಡಿ ಬಂದರೆ ಮರ ಕುಂಬಾಗಿದೆ. ಸ್ಕ್ರೂ ಅರ್ಧವೇ ಹೊರಬಂದರೆ ಉಳಿದರ್ಧ ಒಳಗೆ ಮುರಿದು ಕೂತಿದೆ. ಪಟ್ಟಿಯ ಮೇಲೆ ಅಲ್ಯೂಮಿನಿಯಂ ತಗಡು ಇದ್ದು, ಸ್ಕ್ರೂ ತಲೆಯ ಸುತ್ತ ಬಿಳಿ ಪುಡಿ ಕಂಡರೆ ತೂತು ಸರಿಯಾಗಿಯೇ ಇರಬಹುದು: ಸ್ಟೀಲಿನ ಜೊತೆ ಉಪ್ಪುನೀರಿನಲ್ಲಿ ಕೂತ ಅಲ್ಯೂಮಿನಿಯಂ ತಾನೇ ಸವೆದು ತಲೆಗೆ ಹಿಡಿತ ಇಲ್ಲದಂತಾಗಿದೆ. ಎಳೆಗಳು ಸ್ವಚ್ಛವಾಗಿದ್ದು, ಮರದ ಗುರುತೇ ಇಲ್ಲದೆ ತುದಿಯಲ್ಲಿ ಗಾಜಿನ ಪುಡಿಯಂತಹದ್ದು ಕಂಡರೆ ಸ್ಕ್ರೂ ಇದುವರೆಗೆ ಬರೀ ಫೈಬರ್ ಒಡಲಿನಲ್ಲಿ ನಿಂತಿತ್ತು. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಇನ್ನು ತೂತಿಗೆ ಬನ್ನಿ. ಚೂಪಾದ ದಬ್ಬಣದಿಂದ ಗೋಡೆಯನ್ನು ನಾಲ್ಕೂ ಕಡೆ ಚುಚ್ಚಿ ನೋಡಿ. ಗಟ್ಟಿ ಮರ ದಬ್ಬಣವನ್ನು ಹಿಡಿದುಕೊಳ್ಳುತ್ತದೆ, ಎಬ್ಬಿದರೆ ಉದ್ದನೆಯ ಸಿಬಿರು ಏಳುತ್ತದೆ. ಕುಂಬು ಮರ ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ, ಎಬ್ಬಿದರೆ ತುಂಡು ತುಂಡಾಗಿ ಬರುತ್ತದೆ. ಉಳಿಯ ಹಿಡಿಯಿಂದ ಪಟ್ಟಿಯುದ್ದಕ್ಕೂ ತಟ್ಟುತ್ತಾ ಹೋದರೆ ಟಣ್ ಎನ್ನುವ ಸದ್ದು ಎಲ್ಲಿ ದಪ್ ಎಂದು ಬದಲಾಗುತ್ತದೋ ಅಲ್ಲಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ.

ಯಾವ ಸ್ಕ್ರೂ ಸಡಿಲ, ಎಲ್ಲಿ ಸಡಿಲ

ಒಂದೇ ತೂತನ್ನು ನೋಡಿದರೆ ಕಾರಣ ಅರ್ಧ ಮಾತ್ರ ಗೊತ್ತಾಗುತ್ತದೆ. ಎಲ್ಲ ಸ್ಕ್ರೂಗಳನ್ನೂ ಒಮ್ಮೆ ಕೈಯಿಂದ ತಿರುಗಿಸಿ, ಸಡಿಲವಿದ್ದಲ್ಲೆಲ್ಲ ಗುರುತು ಹಾಕಿ, ದೂರ ನಿಂತು ನೋಡಿ.

ಪಟ್ಟಿಯ ಎರಡು ತುದಿಗಳಲ್ಲಿ ಮಾತ್ರ, ಅದರಲ್ಲೂ ಮೂತಿಯ ಬಳಿ ಸಡಿಲವಾಗಿದ್ದರೆ ತೂತಿನ ತಪ್ಪಿಲ್ಲ. ದೋಣಿಯ ಬಾಗಿಗೆ ಬಲವಂತವಾಗಿ ಬಗ್ಗಿಸಿ ಕೂರಿಸಿದ ಪಟ್ಟಿ ನೇರವಾಗಲು ಹಗಲೂ ರಾತ್ರಿ ಹೆಣಗುತ್ತಿರುತ್ತದೆ. ಆ ಎಳೆತವೆಲ್ಲ ಕೊನೆಯ ಎರಡು ಮೂರು ಸ್ಕ್ರೂಗಳ ಮೇಲೆ. ಸಾಲದ್ದಕ್ಕೆ ಪಟ್ಟಿಯ ತುದಿ ಕೂರುವ ಮೂತಿಯ ಕಟ್ಟಿಗೆಯಲ್ಲಿ ಸ್ಕ್ರೂ ನಾರಿನ ಓಟಕ್ಕೆ ಅಡ್ಡವಾಗಿ ಹೋಗದೆ ನಾರಿನುದ್ದಕ್ಕೆ ಇಳಿದಿರುತ್ತದೆ. ಹಾಗೆ ಇಳಿದ ಸ್ಕ್ರೂವಿಗೆ ಅಡ್ಡ ಹಿಡಿತದ ಮುಕ್ಕಾಲು ಭಾಗದಷ್ಟೇ ಹಿಡಿತ ಸಿಗುತ್ತದೆ. ಇಲ್ಲಿ ತೂತು ತುಂಬಿದರೆ ಸಾಲದು. ಪಟ್ಟಿಯನ್ನು ಬಿಚ್ಚಿ, ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸಿ ಮತ್ತೆ ಕೂರಿಸಬೇಕು, ಅಥವಾ ತುದಿಗೆ ಒಂದು ಬೋಲ್ಟು ಕೊಡಬೇಕು. ಎರಡನೆಯದು ಸುಲಭ, ನಾನಾದರೆ ಅದನ್ನೇ ಮಾಡುತ್ತೇನೆ.

ಹಗ್ಗ ಕಟ್ಟುವ ಗೂಟದ ಸುತ್ತ ಸಡಿಲವಾಗಿದ್ದರೆ ಭಾರ ಹೆಚ್ಚಾಯಿತು. ದಕ್ಕೆಗೆ ತಾಗುವ ಬದಿಯಲ್ಲಿ ಮಾತ್ರ ಇದ್ದರೆ ಪೆಟ್ಟಿನಿಂದ ಆದದ್ದು; ಹಳೆಯ ಟೈರು ಒಂದನ್ನು ಇಳಿಬಿಡುವುದೂ ದುರಸ್ತಿಯ ಭಾಗವೇ. ಚುಕ್ಕಾಣಿ ಕೋಣೆಯ ಚಾವಣಿಯ ನೀರು ಬೀಳುವ ಜಾಗದಲ್ಲಿ, ಅಥವಾ ದೋಣಿ ಸದಾ ವಾಲಿ ನಿಲ್ಲುವ ತಗ್ಗಿನಲ್ಲಿ ಇದ್ದರೆ ಕಾರಣ ಮಳೆನೀರು. ಸಮುದ್ರದ ಉಪ್ಪುನೀರು ಲೋಹಕ್ಕೆ ಶತ್ರು, ಆದರೆ ಕೊಳೆ ತರುವ ಶಿಲೀಂಧ್ರಕ್ಕೂ ಅದು ಅಷ್ಟು ಹಿಡಿಸುವುದಿಲ್ಲ. ಮರವನ್ನು ಕುಂಬು ಮಾಡುವುದು ಹೆಚ್ಚಾಗಿ ಮೇಲಿನಿಂದ ಬೀಳುವ ಸಿಹಿನೀರು. ದಿನವೂ ಕಡಲಿಗೆ ಹೋಗುವ ದೋಣಿಗಿಂತ ದಡದಲ್ಲಿ ತಾಡಪಾಲು ಇಲ್ಲದೆ ಬಿದ್ದಿರುವ ದೋಣಿಯ ಪಟ್ಟಿ ಬೇಗ ಕೊಳೆಯುವುದು ಇದಕ್ಕೇ.

ಒಣಗದ ಮರದ ಸಮಸ್ಯೆ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. ಬೋಟುಗಳು ದಡ ಹತ್ತುವುದು, ರಿಪೇರಿ ನಡೆಯುವುದು ಆಗಲೇ. ಅಂಟಿನ ಕೆಲಸಕ್ಕೆ ವರ್ಷದಲ್ಲಿ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಗಾಳಿಯ ಆರ್ದ್ರತೆ ಶೇ 80 ಇದ್ದರೆ ಮರ ಎಷ್ಟೇ ದಿನ ನೆರಳಲ್ಲಿದ್ದರೂ ಅದರ ತೇವಾಂಶ ಶೇ 16ರ ಹತ್ತಿರ ಬಂದು ನಿಲ್ಲುತ್ತದೆ; ಶೇ 90 ಇದ್ದರೆ ಶೇ 20. ಎರಡು ದ್ರವ ಕಲಸಿ ಹಚ್ಚುವ ಎಪಾಕ್ಸಿ ಅಂಟು ಹಾಕಲು ಶೇ 12ರಿಂದ 15 ಇದ್ದರೆ ಒಳ್ಳೆಯದು.

ಹಾಗಾಗಿ ಕೆಲಸವನ್ನು ಎರಡಾಗಿ ಒಡೆಯಬಹುದು. ಮರ ಕಿತ್ತು, ಕತ್ತರಿಸಿ, ಹೊಸ ತುಂಡು ತಯಾರಿಸುವುದನ್ನು ಮಳೆಗಾಲದಲ್ಲಿ ಮಾಡಿ. ಬಿಚ್ಚಿ ತರಲು ಸಾಧ್ಯವಿರುವ ಪಟ್ಟಿ, ಚೌಕಟ್ಟುಗಳನ್ನು ಒಳಗೆ ತಂದು, ಬಲ್ಬಿನ ಕೆಳಗೆ ಒಣಗಿಸಿ ಅಂಟಿಸಿ. ಬಿಚ್ಚಲಾಗದ್ದನ್ನು ತಾಡಪಾಲು ಕಟ್ಟಿ, ಕೂದಲು ಒಣಗಿಸುವ ಬಿಸಿಗಾಳಿ ಯಂತ್ರದಿಂದ ತೂತನ್ನು ಒಣಗಿಸಿ ಮಾಡಬಹುದು. ಅದಕ್ಕೂ ಮುಂಚೆ ತೂತನ್ನು ಸಿಹಿನೀರಿನಿಂದ ತೊಳೆಯಿರಿ. ವಿಚಿತ್ರವೆನಿಸಬಹುದು, ಆದರೆ ಮರದೊಳಗಿನ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಉಪ್ಪು ಇರುವವರೆಗೆ ಮರ ಪೂರ್ತಿ ಒಣಗುವುದಿಲ್ಲ. ಅದೇ ಉಪ್ಪು ತೇವ ಅಳೆಯುವ ಮೀಟರನ್ನೂ ದಾರಿ ತಪ್ಪಿಸುತ್ತದೆ, ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೀಟರ್ ಇಲ್ಲದವರು ಪಾರದರ್ಶಕ ಪ್ಲಾಸ್ಟಿಕ್ ತುಂಡೊಂದನ್ನು ತೂತಿನ ಮೇಲೆ ಟೇಪು ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಬದಿಯಲ್ಲಿ ಬೆವರು ಕಂಡರೆ ಇನ್ನೂ ಸಮಯವಾಗಿಲ್ಲ.

ಯಾವ ತೂತಿಗೆ ಯಾವ ಮದ್ದು

ಮರ ಗಟ್ಟಿಯಾಗಿದ್ದು ಎಳೆ ಮಾತ್ರ ಕಿತ್ತಿದ್ದರೆ ಮೊದಲು ಯೋಚಿಸಬೇಕಾದದ್ದು ಉದ್ದದ ಸ್ಕ್ರೂ. ಕೆಳಗೆ ಮರ ಇನ್ನೂ ಇದ್ದರೆ ಅದೇ ದಪ್ಪದ, 10–15 ಮಿ.ಮೀ. ಉದ್ದ ಹೆಚ್ಚಿರುವ ಸ್ಕ್ರೂ ಹೊಸ ಮರವನ್ನು ಹಿಡಿಯುತ್ತದೆ, ಕೆಲಸ ಮುಗಿಯಿತು. ಇಲ್ಲದಿದ್ದರೆ ಮುಂದಿನ ಅಳತೆಯ ದಪ್ಪ ಸ್ಕ್ರೂ: 8 ನಂಬರ್ ಅಂದರೆ 4.2 ಮಿ.ಮೀ., 10 ನಂಬರ್ ಅಂದರೆ 4.8 ಮಿ.ಮೀ. ಆದರೆ ದಪ್ಪ ಸ್ಕ್ರೂವಿನ ತಲೆಯೂ ದೊಡ್ಡದು, ಹಳೆಯ ಕುಳಿಯಲ್ಲಿ ಕೂರುವುದಿಲ್ಲ, ಕಿರಿದಾದ ಪಟ್ಟಿಯನ್ನು ಸೀಳಿಯೂ ಬಿಡಬಹುದು. ಒಂದು ಸಲ ದಪ್ಪ ಮಾಡಿದ ತೂತನ್ನು ಇನ್ನೊಮ್ಮೆ ದಪ್ಪ ಮಾಡುವ ಜಾಗ ಉಳಿಯುವುದಿಲ್ಲ ಎಂಬುದೂ ನೆನಪಿರಲಿ.

ನನ್ನ ಮಟ್ಟಿಗೆ ಸರಿಯಾದ ದುರಸ್ತಿ ಎಂದರೆ ಮರದ ಬಿರಡೆ. ಹಾಳಾದ ತೂತನ್ನು 10 ಅಥವಾ 12 ಮಿ.ಮೀ.ಗೆ ಅಗಲ ಕೊರೆದು, ಅದೇ ಜಾತಿಯ ಮರದ ಬಿರಡೆಯನ್ನು ಎಪಾಕ್ಸಿ ಹಚ್ಚಿ ಕೂರಿಸಿ, ಅದರ ನಡುವೆ ಹೊಸ ತೂತು ಕೊರೆಯುವುದು. ಇಲ್ಲಿ ಎಲ್ಲವೂ ನಿಂತಿರುವುದು ನಾರಿನ ದಿಕ್ಕಿನ ಮೇಲೆ. ಅಂಗಡಿಯಲ್ಲಿ ಸಿಗುವ ದುಂಡನೆಯ ಕಡ್ಡಿಯಲ್ಲಿ ನಾರು ಉದ್ದಕ್ಕೆ ಓಡುತ್ತದೆ. ಅದನ್ನು ತುಂಡು ಮಾಡಿ ತೂತಿಗೆ ಬಡಿದರೆ ಸ್ಕ್ರೂ ನಾರಿನುದ್ದಕ್ಕೆ ಇಳಿಯುತ್ತದೆ, ಮೇಲೆ ಹೇಳಿದ ಮುಕ್ಕಾಲು ಹಿಡಿತದ ಪಾಡೇ ಇಲ್ಲೂ. ಹಲಗೆಯ ಮುಖದಿಂದ ಪ್ಲಗ್ ಕಟ್ಟರ್ (ಬಿರಡೆ ಕತ್ತರಿಸುವ ಡ್ರಿಲ್ ಬಿಟ್ಟು) ಹಾಕಿ ತೆಗೆದ ಬಿರಡೆಯಲ್ಲಿ ನಾರು ಅಡ್ಡಕ್ಕಿರುತ್ತದೆ, ಸ್ಕ್ರೂವಿನ ಪ್ರತಿ ಎಳೆಯೂ ನಾರನ್ನು ಕಚ್ಚುತ್ತದೆ. ಕೂರಿಸುವಾಗ ಬಿರಡೆಯ ನಾರನ್ನು ಪಟ್ಟಿಯ ನಾರಿನ ದಿಕ್ಕಿಗೇ ಹೊಂದಿಸಿ. ಎರಡೂ ಒಟ್ಟಿಗೆ ಹಿಗ್ಗಿ ಕುಗ್ಗುತ್ತವೆ. ಕಟ್ಟರ್‌ನ ಆಳಕ್ಕಿಂತ ತೂತು ಆಳವಿದ್ದರೆ ಒಂದರ ಮೇಲೊಂದು ಎರಡು ಬಿರಡೆ ಕೂರಿಸಬಹುದು.

ಅಂಟಿನ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಸಾಮಾನ್ಯ ಬಿಳಿ ಮರದ ಅಂಟು ನೀರಿಗೆ ಮೆತ್ತಗಾಗುತ್ತದೆ. ಫೈಬರ್ ದೋಣಿ ಮಾಡುವ ಶೆಡ್ಡುಗಳಲ್ಲಿ ಡಬ್ಬಿಗಟ್ಟಲೆ ಇರುವ ಪಾಲಿಯೆಸ್ಟರ್ ರೆಸಿನ್ ಅಗ್ಗ ಮತ್ತು ಕೈಗೆಟುಕುವಂಥದ್ದು, ಆದ್ದರಿಂದಲೇ ಎಲ್ಲರೂ ಅದನ್ನೇ ಸುರಿಯುತ್ತಾರೆ. ಅದು ಗಾಜಿನ ನಾರಿಗೆ ಸರಿ. ಮರಕ್ಕೆ ಎಪಾಕ್ಸಿಯಷ್ಟು ಅಂಟುವುದಿಲ್ಲ, ಮರ ಹಿಗ್ಗಿ ಕುಗ್ಗಿದಾಗ ಬಿಟ್ಟುಕೊಳ್ಳುತ್ತದೆ. ಸಾಗುವಾನಿ ಎಣ್ಣೆಯ ಮರ. ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಿ. ತಡಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಬಿರಡೆಗೆ ಜಾಗವಿಲ್ಲದ ಕಿರಿದಾದ ಪಟ್ಟಿಗೆ ಎಪಾಕ್ಸಿಯನ್ನೇ ತುಂಬಬಹುದು. ಸ್ಕ್ರೂವಿನ ಎರಡರಷ್ಟು ಅಗಲಕ್ಕೆ ಕೊರೆಯಿರಿ, ತೂತು ಆಚೆ ಬದಿಗೆ ದಾಟಿದ್ದರೆ ಅಲ್ಲಿ ಟೇಪು ಹಚ್ಚಿ. ಮೊದಲು ಏನೂ ಬೆರೆಸದ ತೆಳು ಎಪಾಕ್ಸಿಯನ್ನು ಹಚ್ಚಿ ಮರ ಕುಡಿಯುವಷ್ಟು ಕುಡಿಯಲು ಬಿಡಿ. ಆಮೇಲೆ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಸಿರಿಂಜಿನಿಂದ ತಳದಿಂದ ಮೇಲಕ್ಕೆ ತುಂಬುತ್ತಾ ಬನ್ನಿ, ಗಾಳಿಗುಳ್ಳೆ ಸಿಕ್ಕಿಕೊಳ್ಳದಂತೆ. ಹಗುರವಾಗಿ ಉಜ್ಜಿ ನುಣುಪು ಮಾಡಲೆಂದೇ ಇರುವ ಸೂಕ್ಷ್ಮ ಗುಳ್ಳೆಗಳ ಪುಡಿ ಬೇಡ, ಅದು ಸ್ಕ್ರೂವನ್ನು ತಾಳುವುದಿಲ್ಲ. ಈ ಕೆಲಸಕ್ಕೆ ಸಂಜೆಯೇ ಲೇಸು. ಬೆಳಿಗ್ಗೆ ಮರ ಬಿಸಿಯೇರುತ್ತಿರುವಾಗ ಒಳಗಿನ ಗಾಳಿ ಹಿಗ್ಗಿ ಅಂಟಿನಿಂದ ಗುಳ್ಳೆಯಾಗಿ ಹೊರಬರುತ್ತದೆ; ಸಂಜೆ ಮರ ತಣಿಯುವಾಗ ಅಂಟನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಸೆಖೆಗೆ ಎಪಾಕ್ಸಿ ಡಬ್ಬಿಯಲ್ಲೇ ಕಾದು ಗಟ್ಟಿಯಾಗುವುದೂ ಉಂಟು, ಸ್ವಲ್ಪ ಸ್ವಲ್ಪವೇ ಕಲಸಿ. ಒಂದು ದಿನ ಬಿಟ್ಟು ನೋಡಿದರೆ ಮೇಲೆ ಮೇಣದಂತಹ ಜಿಡ್ಡು ಕೂತಿರಬಹುದು. ಅದು ತೇವದ ಗಾಳಿಯ ಫಲ. ನೀರು ಹಾಕಿ ಉಜ್ಜಿ ತೊಳೆದರೆ ಹೋಗುತ್ತದೆ. ತೊಳೆಯದೆ ಮೇಲೆ ವಾರ್ನಿಷ್ ಬಳಿದರೆ ಹಿಡಿಯುವುದಿಲ್ಲ.

ಕುಂಬಾದ ಮರಕ್ಕೆ ಬಿರಡೆಯೂ ಇಲ್ಲ, ಎಪಾಕ್ಸಿಯೂ ಇಲ್ಲ. ಮೆದುವಾದ ಭಾಗವನ್ನು ಪೂರ್ತಿ ಕತ್ತರಿಸಿ, ಓರೆಯಾದ ಅಂಚುಗಳಿರುವ ಹೊಸ ತುಂಡನ್ನು ಕೂರಿಸಬೇಕು. ಕೊಳೆತ ಮರಕ್ಕೆ ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡುತ್ತೇವೆ ಎನ್ನುವವರು ಇದ್ದಾರೆ. ಮೇಲ್ಮೈ ಗಟ್ಟಿಯಾಗುತ್ತದೆ ನಿಜ. ಒದ್ದೆಯಾಗಿರುವ ಒಳಭಾಗಕ್ಕೆ ಅದು ಇಳಿಯುವುದೇ ಇಲ್ಲ.

ಫೈಬರ್ ಒಡಲಿಗೆ ಕೂರಿಸಿದ ಪಟ್ಟಿಯ ಕತೆ ಬೇರೆ. 8 ನಂಬರ್ ಸ್ಕ್ರೂವಿನ ಎಳೆಗಳ ಅಂತರ ಸುಮಾರು 1.7 ಮಿ.ಮೀ. 5 ಮಿ.ಮೀ. ದಪ್ಪದ ಫೈಬರಿನಲ್ಲಿ ಅದಕ್ಕೆ ಸಿಗುವುದು ಮೂರು ಎಳೆ. ಮೂರು ಎಳೆಯ ಮೇಲೆ ದಕ್ಕೆಯ ಪೆಟ್ಟು ತಿನ್ನುವ ಪಟ್ಟಿ ನಿಲ್ಲದು, ತೂತಿಗೆ ಏನೇ ತುಂಬಿದರೂ ಎಳೆಗಳ ಸಂಖ್ಯೆ ಹೆಚ್ಚುವುದಿಲ್ಲ. ಒಳಬದಿಗೆ ಕೈ ಹೋಗುವಂತಿದ್ದರೆ ಬೋಲ್ಟು, ಅಗಲ ವಾಷರು, ನಟ್ಟು. ಇಲ್ಲವೇ ಒಳಗಿನಿಂದ 12–18 ಮಿ.ಮೀ. ದಪ್ಪದ ಗಟ್ಟಿಮರದ ತುಂಡನ್ನು ಎಪಾಕ್ಸಿಯಲ್ಲಿ ಅಂಟಿಸಿ, ಸ್ಕ್ರೂ ಅದನ್ನು ಹಿಡಿಯುವಂತೆ ಮಾಡಿ.

ಒಂದು ಜಾಗದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಅಲೆಯಲ್ಲಿ ಮನುಷ್ಯ ಹಿಡಿದುಕೊಳ್ಳುವ ಹಿಡಿಕಂಬಿಯ ಸ್ಕ್ರೂ ಸಡಿಲವಾದರೆ ಆ ತೂತನ್ನು ದುರಸ್ತಿ ಮಾಡಬೇಡಿ. ಆರಪಾರ ಬೋಲ್ಟು ಹಾಕಿ.

ಒಳಗೆ ಮುರಿದು ಉಳಿದ ಸ್ಕ್ರೂ

ತುಂಡಿನ ಸುತ್ತಲಿನ ಮರವನ್ನು ಉಳಿಯಿಂದ ಕೆದಕಲು ಹೋಗಬೇಡಿ. ಸ್ಕ್ರೂಗಿಂತ ಸ್ವಲ್ಪ ಅಗಲವಾದ ಸ್ಟೀಲ್ ಕೊಳವೆಯ ತುದಿಗೆ ಅರದಿಂದ ಹಲ್ಲು ಮಾಡಿ, ಡ್ರಿಲ್ಲಿಗೆ ಸಿಕ್ಕಿಸಿ, ಉಲ್ಟಾ ತಿರುಗಿಸುತ್ತಾ ತುಂಡಿನ ಸುತ್ತ ಇಳಿಸಿದರೆ ಮರದ ತಿರುಳಿನೊಂದಿಗೆ ಅದು ಹೊರಬರುತ್ತದೆ. ಉಳಿಯುವ ದುಂಡು ತೂತು ಬಿರಡೆಗೆ ತಯಾರಾಗಿಯೇ ಇರುತ್ತದೆ. ಮುರಿಯದೆ ಕಚ್ಚಿಕೊಂಡು ಕೂತ ಸ್ಕ್ರೂವಿಗೆ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ನಿನ ಬಿಸಿಯನ್ನು ತಲೆಗೆ ತಾಗಿಸಿ ಒಂದೆರಡು ನಿಮಿಷ ಹಿಡಿದರೆ ಹಳೆಯ ಅಂಟೋ ವಾರ್ನಿಷೋ ಮೆತ್ತಗಾಗಿ ಬಿಡುತ್ತದೆ.

ಮತ್ತೆ ಕೂರಿಸುವಾಗ

ಹೊಸ ತೂತಿನ ಅಳತೆಗೆ ಕೋಷ್ಟಕ ಬೇಕಾಗಿಲ್ಲ. ಡ್ರಿಲ್ ಬಿಟ್ಟನ್ನು ಸ್ಕ್ರೂವಿನ ಮುಂದೆ ಹಿಡಿದು ಬೆಳಕಿಗೆ ನೋಡಿ: ಸ್ಕ್ರೂವಿನ ತಿರುಳು, ಅಂದರೆ ಎಳೆಗಳ ನಡುವಿನ ಕಂಬಿ, ಬಿಟ್ಟಿನ ಹಿಂದೆ ಹೆಚ್ಚುಕಡಿಮೆ ಮರೆಯಾಗುವ ಹಾಗಿದ್ದು, ಎಳೆಗಳು ಎರಡೂ ಬದಿಗೆ ಪೂರ್ತಿ ಕಾಣಬೇಕು. ಗಟ್ಟಿ ಮರಕ್ಕೆ ತಿರುಳಿನ ಶೇ 90ರಷ್ಟು, ಮೆದು ಮರಕ್ಕೆ ಶೇ 70ರಷ್ಟು ಎಂಬುದು ಲೆಕ್ಕ. ಸಾಗುವಾನಿಯಲ್ಲಿ 8 ನಂಬರಿಗೆ 3 ಮಿ.ಮೀ. ಆಸುಪಾಸು. ಬರೀ ಎಪಾಕ್ಸಿ ತುಂಬಿದ ತೂತಿಗೆ ತಿರುಳಿನಷ್ಟೇ ಕೊರೆಯಿರಿ, ಮರದ ಹಾಗೆ ಅದು ಒತ್ತಿಸಿಕೊಳ್ಳುವುದಿಲ್ಲ. ಹಿತ್ತಾಳೆ ಅಥವಾ ಕಂಚಿನ ಸ್ಕ್ರೂ ಹಾಕುವ ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂವನ್ನು ಒಮ್ಮೆ ಇಳಿಸಿ ತೆಗೆದರೆ ಎಳೆ ಮೂಡಿರುತ್ತದೆ, ಮೆದು ಲೋಹದ ಕುತ್ತಿಗೆ ತಿರುಚಿ ಮುರಿಯುವುದಿಲ್ಲ. ಎಳೆಗೆ ಮೇಣದಬತ್ತಿ ಉಜ್ಜಿ. ಸೋಪು ಉಜ್ಜುವವರಿದ್ದಾರೆ; ಸೋಪು ತೇವ ಹೀರುತ್ತದೆ, ಲೋಹ ತಿನ್ನುತ್ತದೆ. ಕೊನೆಯ ಎರಡು ಸುತ್ತು ಕೈಯಿಂದಲೇ.

ಪಟ್ಟಿಯ ಅಡಿಗೆ, ಸ್ಕ್ರೂ ತಲೆಯ ಕುಳಿಗೆ ಪಾಲಿಸಲ್ಫೈಡ್ ಅಥವಾ ಬ್ಯುಟೈಲ್ ಎಂಬ, ರಬ್ಬರಿನಂತಹ ಸಂದು ತುಂಬುವ ಸೀಲಂಟ್ ಹಾಕಿ ನೀರಿನ ದಾರಿ ಮುಚ್ಚಿ. ಬಲವಾಗಿ ಅಂಟುವ ಪಾಲಿಯುರಿಥೇನ್ ಹಾಕಿದರೆ ಮುಂದೆ ಬಿಚ್ಚುವಾಗ ಪಟ್ಟಿಯೇ ಸೀಳಿ ಬರುತ್ತದೆ. ಸಿಲಿಕೋನ್ ಹಾಕಿದರೆ ಆ ಜಾಗಕ್ಕೆ ಮತ್ತೆ ಬಣ್ಣ, ಅಂಟು, ವಾರ್ನಿಷ್ ಯಾವುದೂ ಹಿಡಿಯುವುದಿಲ್ಲ. ತಲೆ ಮುಚ್ಚುವ ಪುಟ್ಟ ಬಿರಡೆಯನ್ನು ಎಪಾಕ್ಸಿಯಿಂದ ಕೂರಿಸಬೇಡಿ, ವಾರ್ನಿಷ್ ಅದ್ದಿ ಕೂರಿಸಿ. ಮುಂದಿನ ಸಲ ಅದರ ನಡುವೆ ಸಣ್ಣ ತೂತು ಕೊರೆದು ಒಂದು ಸ್ಕ್ರೂ ತಿರುಗಿಸಿದರೆ, ಅದರ ತುದಿ ಕೆಳಗಿನ ತಲೆಗೆ ತಾಗಿ ಬಿರಡೆ ತಾನೇ ಮೇಲೆದ್ದು ಬರುತ್ತದೆ. ಹೆಚ್ಚಿದ ಭಾಗವನ್ನು ಉಳಿಯಿಂದ ತೆಗೆಯುವಾಗ ಒಂದೇ ಏಟಿಗೆ ಮಟ್ಟ ಮಾಡಬೇಡಿ. ಮೊದಲು ಸ್ವಲ್ಪ ಎತ್ತರದಲ್ಲೇ ಕತ್ತರಿಸಿ ನಾರು ಯಾವ ಕಡೆ ಸೀಳುತ್ತದೆ ಎಂದು ನೋಡಿ, ಆಮೇಲೆ ಎದುರು ಬದಿಯಿಂದ ಕೆತ್ತಿ.

ಬೆಂಕಿಕಡ್ಡಿಗೂ ಒಂದು ಜಾಗವಿದೆ. ಕಡಲಿನ ನಡುವೆ ಮುಚ್ಚಳದ ಕೊಂಡಿ ಕಿತ್ತು ಬಂದರೆ ಎರಡು ಕಡ್ಡಿ ತುರುಕಿ ದಡ ಸೇರಿಕೊಳ್ಳಿ. ಆ ಸ್ಕ್ರೂವಿನ ತಲೆಗೆ ಬಣ್ಣದ ಒಂದು ಚುಕ್ಕಿ ಇಟ್ಟಿರಿ, ದೋಣಿ ದಡ ಹತ್ತಿದಾಗ ಮೊದಲು ಬಿಚ್ಚಬೇಕಾದದ್ದು ಅದನ್ನೇ.